ಏಳು ರಾತ್ರಿಗೆ ಐದು ಪಾರ್ಕ್ ಬೇಡ, ಮಾರಾದಲ್ಲೇ ನಾಲ್ಕು ರಾತ್ರಿ ಇರಿ

ಪ್ರಶ್ನೆ: ನಾವು ಮೈಸೂರಿನವರು. ಕಬಿನಿ, ಬಂಡೀಪುರದಲ್ಲಿ ಸಾಕಷ್ಟು ಸಫಾರಿ ಮಾಡಿದ್ದೇವೆ. ಬರುವ ಆಗಸ್ಟ್‌ನಲ್ಲಿ ಆಫ್ರಿಕಾಕ್ಕೆ ಹೋಗುವ ಆಸೆ ಇದೆ. ನಾನು, ಹೆಂಡತಿ, 11 ವರ್ಷದ ಮಗ, 68 ವರ್ಷದ ಅಮ್ಮ. ಅಮ್ಮನಿಗೆ ಮಂಡಿ ನೋವು, ಪೂರ್ತಿ ಸಸ್ಯಾಹಾರಿ. ಏಜೆಂಟ್ ಒಬ್ಬರು 7 ರಾತ್ರಿಯ ಪ್ಯಾಕೇಜ್ ಕೊಟ್ಟಿದ್ದಾರೆ. ಅಂಬೊಸೆಲಿ, ನಕುರು, ಮಸಾಯಿ ಮಾರಾ, ಸೆರೆಂಗೆಟಿ, ಗೊರೊಂಗೊರೊ ಐದೂ ಅದರಲ್ಲಿವೆ. ವೈಲ್ಡ್‌ಬೀಸ್ಟ್ (ದನದಂತೆ ಕಾಣುವ ದೊಡ್ಡ ಜಿಂಕೆ) ಹಿಂಡು ನದಿ ದಾಟುವುದನ್ನು ನೋಡಲೇಬೇಕು ಅಂತ ಮಗನ ಹಟ. ಈ ಪ್ಯಾಕೇಜ್ ತಗೊಳ್ಳಬಹುದಾ? ಏನೇನು ಸಿದ್ಧತೆ ಬೇಕು?

ಉತ್ತರ: ಈ ಪ್ಯಾಕೇಜ್ ತಗೊಳ್ಳಬೇಡಿ. ಮೊದಲ ಮೂರು ಪಾರ್ಕ್ ಕೀನ್ಯಾದಲ್ಲಿ, ಕೊನೆಯ ಎರಡು ತಾಂಜಾನಿಯಾದಲ್ಲಿ. ಐದೂ ಒಳ್ಳೆಯ ಜಾಗಗಳೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಏಳು ರಾತ್ರಿಯಲ್ಲಿ ಐದನ್ನೂ ನೋಡಲು ಹೊರಟರೆ ನೀವು ನೋಡುವುದು ರಸ್ತೆ ಮಾತ್ರ.

ಲೆಕ್ಕ ಹಾಕಿ ನೋಡಿ. ನೈರೋಬಿಯಿಂದ ಅಂಬೊಸೆಲಿಗೆ ನಾಲ್ಕೈದು ಗಂಟೆ. ಅಲ್ಲಿಂದ ನಕುರುವಿಗೆ ಏಳೆಂಟು ಗಂಟೆ. ನಕುರುವಿನಿಂದ ಮಾರಾಕ್ಕೆ ಐದಾರು ಗಂಟೆ. ಮಾರಾ ಮತ್ತು ಸೆರೆಂಗೆಟಿ ನಕ್ಷೆಯಲ್ಲಿ ಅಂಟಿಕೊಂಡೇ ಇವೆ, ಪ್ರಾಣಿಗಳು ಆರಾಮಾಗಿ ಓಡಾಡುತ್ತವೆ. ಪ್ರವಾಸಿಗಳಿಗೆ ಮಾತ್ರ ಆ ಗಡಿಯಲ್ಲಿ ದಾರಿ ಇಲ್ಲ. ಪಶ್ಚಿಮಕ್ಕೆ ಸುತ್ತು ಹಾಕಿ ಇಸೆಬಾನಿಯಾ ಗಡಿಯಲ್ಲಿ ಪಾಸ್‌ಪೋರ್ಟ್ ತೋರಿಸಬೇಕು, ಕೀನ್ಯಾದ ಗಾಡಿ ಬಿಟ್ಟು ತಾಂಜಾನಿಯಾದ ಗಾಡಿ ಹತ್ತಬೇಕು. ಒಂದು ಇಡೀ ದಿನ ಅದರಲ್ಲೇ ಮುಗಿಯುತ್ತದೆ. ಸೆರೆಂಗೆಟಿಯಿಂದ ಗೊರೊಂಗೊರೊಗೆ ಮತ್ತೆ ನಾಲ್ಕು ಗಂಟೆ. ಕೊನೆಗೆ ಅರುಷಾ ಊರು, ನಮಂಗಾ ಗಡಿ ಮೇಲೆ ನೈರೋಬಿಗೆ ವಾಪಸ್ ಬರಲು ಒಂಬತ್ತು ಹತ್ತು ಗಂಟೆ. ಎಲ್ಲ ಕೂಡಿದರೆ 35 ಗಂಟೆಗೂ ಜಾಸ್ತಿ ಪ್ರಯಾಣ. ಮಂಡಿ ನೋವಿರುವ ನಿಮ್ಮ ತಾಯಿಯವರನ್ನು ಕೂರಿಸಿಕೊಂಡು ಇದನ್ನು ಮಾಡಬಾರದು. ಮಂಡಿ ಗಟ್ಟಿಯಿರುವವರೂ ಮಾಡಬಾರದು ಅಂತಲೇ ನಾನು ಹೇಳುತ್ತೇನೆ.

ಯಾಕೆಂದರೆ ಸವನ್ನಾ ಹುಲ್ಲುಗಾವಲಿನಲ್ಲಿ ಪ್ರಾಣಿ ಕಾಣುವುದು ಕಷ್ಟವೇ ಅಲ್ಲ. ಬಂಡೀಪುರದಲ್ಲಿ ಲಂಟಾನ ಪೊದೆಯಾಚೆ ಹುಲಿ ಮಲಗಿದ್ದರೂ ಗೊತ್ತಾಗುವುದಿಲ್ಲ. ಎರಡು ಸೆಕೆಂಡ್ ಬಾಲ ಕಂಡರೂ ಆ ದಿನ ಸಾರ್ಥಕ ಅಂದುಕೊಂಡು ಬರುತ್ತೇವೆ, ಅಲ್ವಾ? ಮಾರಾದಲ್ಲಿ ಕಣ್ಣು ಹಾಯುವಷ್ಟು ದೂರ ಬಯಲು. ಮೊದಲ ಬೆಳಿಗ್ಗೆಯೇ ಸಿಂಹ, ಆನೆ, ಜಿರಾಫೆ, ಜೀಬ್ರಾ ಎಲ್ಲ ಕಾಣಬಹುದು. ಹಾಗಾಗಿ ಅಲ್ಲಿ ಮುಖ್ಯವಾದ ಪ್ರಶ್ನೆ ಬೇರೆ. ಆ ಪ್ರಾಣಿ ಏನು ಮಾಡುತ್ತಿದೆ, ಮುಂದೆ ಏನು ಮಾಡುತ್ತದೆ ಅಂತ ನೋಡಲು ನಿಮಗೆ ಹೊತ್ತು ಇದೆಯಾ? ಹೊತ್ತು ಬೇಕೆಂದರೆ ಒಂದೇ ಕಡೆ ನಿಲ್ಲಬೇಕು.

ನಿಮ್ಮ ಏಳು ರಾತ್ರಿಯನ್ನು ನಾನಾದರೆ ಹೀಗೆ ಹಂಚುತ್ತೇನೆ. ಮೊದಲ ರಾತ್ರಿ ನೈರೋಬಿ. ಆಮೇಲೆ ಎರಡು ರಾತ್ರಿ ನೈವಾಶಾ ಕೆರೆ. ಕೊನೆಯ ನಾಲ್ಕು ರಾತ್ರಿ ಮಾರಾ. ಮಾರಾದಿಂದ ಚಿಕ್ಕ ವಿಮಾನದಲ್ಲಿ ನೈರೋಬಿಗೆ ವಾಪಸ್.

ನೈವಾಶಾ ನೈರೋಬಿಯಿಂದ ಎರಡು ಗಂಟೆಯ ದಾರಿ. ದೋಣಿಯಲ್ಲಿ ಕೂತು ನೀರಾನೆ ನೋಡಬಹುದು, ಹಕ್ಕಿಗಳು ತುಂಬಾ ಇವೆ. ಹತ್ತಿರದ ಹೆಲ್ಸ್ ಗೇಟ್ ಪಾರ್ಕ್‌ನಲ್ಲಿ ಬಾಡಿಗೆ ಸೈಕಲ್ ತೆಗೆದುಕೊಂಡು ಜೀಬ್ರಾಗಳ ನಡುವೆ ಓಡಿಸಬಹುದು. ನಿಮ್ಮ ಮಗನಿಗೆ ಇದು ಖುಷಿ ಕೊಡುತ್ತದೆ. ಮುಂದೆ ನಾಲ್ಕು ದಿನ ಅವನು ಗಾಡಿಯಿಂದ ಕೆಳಗಿಳಿಯುವಂತಿಲ್ಲ, ಇಲ್ಲಿ ಕಾಲು ಆಡಿಸಿಕೊಳ್ಳಲಿ. ತಾಯಿಯವರಿಗೂ ವಿಮಾನದ ದಣಿವು ಇಳಿಯುತ್ತದೆ.

ಅಂಬೊಸೆಲಿಯನ್ನು ಯಾಕೆ ಬಿಟ್ಟೆ ಅಂತ ಕೇಳಬಹುದು. 5,895 ಮೀಟರ್ ಎತ್ತರದ ಕಿಲಿಮಂಜಾರೊ ಬೆಟ್ಟದ ಮುಂದೆ ಆನೆಗಳ ಸಾಲು, ಆ ಫೋಟೊ ಎಲ್ಲರೂ ನೋಡಿದ್ದಾರೆ. ಬೆಟ್ಟ ಮೋಡದಿಂದ ಹೊರಗೆ ಕಾಣುವುದು ಹೆಚ್ಚಾಗಿ ಬೆಳಗಿನ ಜಾವ ಮತ್ತು ಸಂಜೆ. ಒಂದೇ ರಾತ್ರಿ ಇದ್ದು ಹೋಗುವವರಿಗೆ ಅದು ಕಾಣದೇ ಹೋಗುವ ಸಾಧ್ಯತೆ ಜಾಸ್ತಿ. ಆನೆಗಳಂತೂ ಮಾರಾದಲ್ಲೂ ಇವೆ. ಬೇಸಿಗೆಯಲ್ಲಿ ಕಬಿನಿ ಹಿನ್ನೀರಿನ ಆನೆ ಹಿಂಡು ನೋಡಿದವರಿಗೆ ಆಫ್ರಿಕಾದ ಆನೆ ನೋಡುವಾಗ ಒಂದು ಬೇರೆ ಖುಷಿ ಇದೆ. ಅಲ್ಲಿ ಹೆಣ್ಣಾನೆಗೂ ಉದ್ದ ದಂತ ಇರುತ್ತದೆ. ಹಿಂಡು ನಡೆಸುವ ಹಿರಿಯ ಹೆಣ್ಣಾನೆಯನ್ನು ಗಂಡೆಂದು ಮೊದಲು ತಪ್ಪು ತಿಳಿಯುವವರು ಬಹಳ. ಮಗನಿಗೆ ಮೊದಲೇ ಹೇಳಿಡಿ, ಕಿವಿ, ಬೆನ್ನು, ದಂತ ಹೋಲಿಸಿ ನೋಡಲಿ.

ಸೆರೆಂಗೆಟಿ, ಗೊರೊಂಗೊರೊ ಇನ್ನೊಂದು ಸಲಕ್ಕೆ ಇರಲಿ. ಅವೆರಡಕ್ಕೇ ಒಂದು ವಾರ ಕೊಡಬೇಕು. ಸೆರೆಂಗೆಟಿ 14,763 ಚದರ ಕಿಲೋಮೀಟರ್. ಕೀನ್ಯಾದ ಮಾರಾ ರಿಸರ್ವ್ ಸುಮಾರು 1,510. ಒಂದು ರಾತ್ರಿಯಲ್ಲಿ ಸೆರೆಂಗೆಟಿ ನೋಡಿದೆ ಅನ್ನುವುದಕ್ಕೆ ಅರ್ಥವೇ ಇಲ್ಲ.

ಈಗ ವಲಸೆಯ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಯಾವಾಗ ಹೋಗಬೇಕು ಅನ್ನೋದು ಇದರಿಂದಲೇ ತೀರ್ಮಾನವಾಗುತ್ತದೆ.

ಸುಮಾರು 13 ಲಕ್ಷ ವೈಲ್ಡ್‌ಬೀಸ್ಟ್, ಜೊತೆಗೆ ಸುಮಾರು 2 ಲಕ್ಷ ಜೀಬ್ರಾ, ಲಕ್ಷಾಂತರ ಗೆಜೆಲ್ ಜಿಂಕೆಗಳು ವರ್ಷವಿಡೀ ಮಳೆ ಮತ್ತು ಹೊಸ ಹುಲ್ಲಿನ ಹಿಂದೆ ಸುತ್ತುತ್ತಲೇ ಇರುತ್ತವೆ. ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಅವು ಸೆರೆಂಗೆಟಿಯ ದಕ್ಷಿಣದ ಗಿಡ್ಡ ಹುಲ್ಲಿನ ಬಯಲಿನಲ್ಲಿರುತ್ತವೆ. ಅಲ್ಲಿನ ಮಣ್ಣು ಜ್ವಾಲಾಮುಖಿಯ ಬೂದಿಯಿಂದ ಆದದ್ದು. ಹುಲ್ಲಿನಲ್ಲಿ ಕ್ಯಾಲ್ಸಿಯಂ, ರಂಜಕ ಚೆನ್ನಾಗಿದೆ. ಮರಿ ಹಾಕಿ ಹಾಲೂಡುವ ತಾಯಿಗೆ ಬೇಕಾದದ್ದೇ ಅದು. ಫೆಬ್ರವರಿ ಆಸುಪಾಸಿನ ಎರಡು ಮೂರು ವಾರದಲ್ಲಿ ಹೆಚ್ಚಿನ ಮರಿಗಳು ಹುಟ್ಟಿಬಿಡುತ್ತವೆ. ಆದರೆ ಆ ಬಯಲಿನಲ್ಲಿ ವರ್ಷವಿಡೀ ನಿಲ್ಲುವ ನೀರಿಲ್ಲ. ಮೇ ಹೊತ್ತಿಗೆ ಒಣಗುತ್ತದೆ. ಆಗ ಹಿಂಡುಗಳು ವಾಯವ್ಯಕ್ಕೆ, ಆಮೇಲೆ ಉತ್ತರಕ್ಕೆ ಹೊರಡುತ್ತವೆ. ಉತ್ತರದಲ್ಲಿ ಮಳೆ ಜಾಸ್ತಿ, ಬತ್ತದ ಮಾರಾ ನದಿಯೂ ಇದೆ. ಜುಲೈನಿಂದ ಅಕ್ಟೋಬರ್‌ವರೆಗೆ ಈ ನದಿಯ ಎರಡೂ ದಡಗಳಲ್ಲಿ ಅವು ಓಡಾಡಿಕೊಂಡಿರುತ್ತವೆ. ನವೆಂಬರ್‌ನಲ್ಲಿ ಸಣ್ಣ ಮಳೆ ಶುರುವಾದಾಗ ಮತ್ತೆ ದಕ್ಷಿಣಕ್ಕೆ ಇಳಿಯುತ್ತವೆ.

ಇಷ್ಟು ದೊಡ್ಡ ಹಿಂಡು ಮೊದಲಿನಿಂದಲೂ ಇರಲಿಲ್ಲ. 1960ರ ದಶಕದ ಆರಂಭದಲ್ಲಿ ಇದ್ದದ್ದು ಸುಮಾರು 2.5 ಲಕ್ಷ. ರಿಂಡರ್‌ಪೆಸ್ಟ್, ಅಂದರೆ ನಮ್ಮ ಹಳ್ಳಿಗಳಲ್ಲಿ ದೊಡ್ಡರೋಗ ಅನ್ನುತ್ತಿದ್ದ ದನದ ಜಾಡ್ಯ, ಅವನ್ನೂ ಕೊಲ್ಲುತ್ತಿತ್ತು. ಸುತ್ತಲಿನ ದನಗಳಿಗೆ ಲಸಿಕೆ ಹಾಕಿದ ಮೇಲೆ ಕಾಡಿನಲ್ಲೂ ರೋಗ ನಿಂತಿತು. 1970ರ ದಶಕದ ಕೊನೆಗೆ ಸಂಖ್ಯೆ 13 ಲಕ್ಷ ದಾಟಿತು. ಹಳ್ಳಿಯ ದನಕ್ಕೆ ಕೊಟ್ಟ ಚುಚ್ಚುಮದ್ದು ಒಂದು ಕಾಡನ್ನೇ ಬದಲಿಸಿದ್ದು ನನಗೆ ಇವತ್ತಿಗೂ ಬೆರಗಿನ ಸಂಗತಿ.

ನದಿ ದಾಟುವುದಕ್ಕೆ ದಿನಾಂಕ ಇಲ್ಲ. ವೇಳಾಪಟ್ಟಿಯೂ ಇಲ್ಲ. ಸಾವಿರಾರು ಪ್ರಾಣಿಗಳು ದಡಕ್ಕೆ ಬಂದು ಮೂರು ಗಂಟೆ ನಿಂತು, ಏನೂ ಆಗದೆ ತಿರುಗಿ ಮೇಯಲು ಹೋಗಿಬಿಡಬಹುದು. ಇವತ್ತು ಆ ಕಡೆ ದಾಟಿದವು ನಾಳೆ ಈ ಕಡೆ ವಾಪಸ್ ದಾಟಬಹುದು. "ಗ್ಯಾರಂಟಿ ತೋರಿಸುತ್ತೇವೆ" ಅನ್ನುವ ಏಜೆಂಟ್‌ನನ್ನು ನಂಬಬೇಡಿ. ಒಂದೇ ರಾತ್ರಿ ಇದ್ದರೆ ನೋಡುವುದು ಪೂರ್ತಿ ಅದೃಷ್ಟ. ನಾಲ್ಕು ರಾತ್ರಿ ಇದ್ದರೆ ಒಂದು ದಿನ ಊಟದ ಡಬ್ಬಿ ಕಟ್ಟಿಕೊಂಡು ನದಿ ದಡದಲ್ಲೇ ಕಾಯಬಹುದು. ಮಗನಿಗೆ ಹೋಗುವ ಮೊದಲೇ ಇದನ್ನು ಹೇಳಿ. ಕಾಯುವುದೂ ಇದರ ಭಾಗ ಅಂತ ಗೊತ್ತಿದ್ದರೆ ಮಕ್ಕಳು ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಕಾಯುತ್ತಾರೆ.

ಇನ್ನೊಂದು ವಿಷಯಕ್ಕೂ ಅವನನ್ನು ಸಿದ್ಧ ಮಾಡಿ. ದಾಟುವಾಗ ಸಾವು ಕಣ್ಣೆದುರೇ ಆಗುತ್ತದೆ. ಮೊಸಳೆ ಹಿಡಿಯುವುದು ಸ್ವಲ್ಪವೇ. ನೂಕುನುಗ್ಗಲಿನಲ್ಲಿ, ಕಡಿದಾದ ದಡ ಹತ್ತಲಾಗದೆ ಮುಳುಗಿ ಸಾಯುವುದೇ ಜಾಸ್ತಿ. ಮಾರಾ ನದಿಯಲ್ಲಿ ವರ್ಷಕ್ಕೆ ಸರಾಸರಿ 6,200ರಷ್ಟು ವೈಲ್ಡ್‌ಬೀಸ್ಟ್ ಮುಳುಗುತ್ತವೆ ಅಂತ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅವುಗಳ ಮಾಂಸ ಮೀನಿಗೆ, ರಣಹದ್ದಿಗೆ, ಮರಬೂ ಕೊಕ್ಕರೆಗೆ ಹೋಗುತ್ತದೆ. ಮೂಳೆ ವರ್ಷಗಟ್ಟಲೆ ಕರಗುತ್ತಾ ನೀರಿಗೆ ರಂಜಕ ಸೇರಿಸುತ್ತದೆ. ಆ ಸಾವಿನಿಂದ ನದಿಯೇ ಉಸಿರಾಡುತ್ತಿದೆ ಅಂತ 11 ವರ್ಷದ ಹುಡುಗನಿಗೆ ಅರ್ಥವಾಗುತ್ತದೆ, ಹೇಳುವವರು ಪಕ್ಕದಲ್ಲಿದ್ದರೆ.

ಆಗಸ್ಟ್ ಯಾಕೆ ಅಂತ ನಾನು ಕೇಳುತ್ತೇನೆ. ಶಾಲೆಗೆ ರಜೆ ಹಾಕಿಸಿ ಹೋಗುವುದಾದರೆ ಒಂದು ಸಲ ಯೋಚಿಸಿ. ಆಗಸ್ಟ್‌ನಲ್ಲಿ ಯುರೋಪಿನ ಶಾಲೆಗಳಿಗೂ ರಜೆ. ಮಾರಾದಲ್ಲಿ ವರ್ಷದ ಅತಿ ಹೆಚ್ಚು ಜನ ಆಗಲೇ ಇರುತ್ತಾರೆ. ನಮ್ಮ ದಸರಾ ರಜೆ ಅಕ್ಟೋಬರ್ ಮೊದಲ ಅರ್ಧದಲ್ಲಿ ಬಂದ ವರ್ಷ ಅದು ಬಹಳ ಒಳ್ಳೆಯ ಸಮಯ. ಹೆಚ್ಚಿನ ವರ್ಷ ಹಿಂಡುಗಳು ಇನ್ನೂ ಮಾರಾದಲ್ಲೇ ಇರುತ್ತವೆ, ಗಾಡಿಗಳು ಕಡಿಮೆ. ಮೈಸೂರಿನವರಿಗೆ ದಸರಾ ಬಿಟ್ಟು ಹೋಗಿ ಅನ್ನುವುದು ದೊಡ್ಡ ಮಾತು, ಗೊತ್ತು. ಆದರೂ ಹೇಳುತ್ತಿದ್ದೇನೆ. ಬೇಸಿಗೆ ರಜೆ ಮಾತ್ರ ಬೇಡ. ಏಪ್ರಿಲ್, ಮೇ ಅಲ್ಲಿ ದೊಡ್ಡ ಮಳೆಗಾಲ, ಕಪ್ಪು ಮಣ್ಣಿನಲ್ಲಿ ಗಾಡಿ ಹೂತುಹೋಗುತ್ತದೆ. ವಲಸೆ ಹಿಂಡೂ ಆಗ ಮಾರಾದಲ್ಲಿ ಇರುವುದಿಲ್ಲ.

ಮಾರಾ ಅಂದರೆ ಒಂದೇ ಜಾಗ ಅಲ್ಲ. ಇದನ್ನು ಏಜೆಂಟ್‌ಗಳು ಬಿಡಿಸಿ ಹೇಳುವುದೇ ಇಲ್ಲ. ಮುಖ್ಯ ರಿಸರ್ವ್ ನರೋಕ್ ಕೌಂಟಿಗೆ ಸೇರಿದ್ದು. ಅದರ ಪಶ್ಚಿಮದ ಭಾಗ ಮಾರಾ ಟ್ರಯಾಂಗಲ್. 2001ರಿಂದ ಅದನ್ನು ಮಾರಾ ಕನ್ಸರ್ವೆನ್ಸಿ ಅನ್ನುವ ಸಂಸ್ಥೆ ನೋಡಿಕೊಳ್ಳುತ್ತಿದೆ, ನಿಯಮ ಅಲ್ಲಿ ಬಿಗಿ. ರಿಸರ್ವ್‌ನ ಉತ್ತರಕ್ಕೆ, ಪೂರ್ವಕ್ಕೆ ಹೊಂದಿಕೊಂಡು ಮಸಾಯಿ ಜನರ ಸ್ವಂತ ಜಮೀನಿನಲ್ಲಿ ಕನ್ಸರ್ವೆನ್ಸಿಗಳು, ಅಂದರೆ ಖಾಸಗಿ ವನ್ಯಜೀವಿ ರಕ್ಷಣಾ ಪ್ರದೇಶಗಳು ಇವೆ. ಮಾರಾ ನಾರ್ತ್, ನಬೊಯಿಶೊ, ಒಲಾರೆ ಮೊಟೊರೊಗಿ ಅವುಗಳಲ್ಲಿ ಕೆಲವು. ನೂರಾರು ಮಸಾಯಿ ಕುಟುಂಬಗಳು ತಮ್ಮ ಜಮೀನನ್ನು ಒಟ್ಟುಗೂಡಿಸಿ ಸಫಾರಿ ಕ್ಯಾಂಪ್‌ಗಳಿಗೆ ಗುತ್ತಿಗೆ ಕೊಟ್ಟಿವೆ. ತಿಂಗಳು ತಿಂಗಳು ಬಾಡಿಗೆ ಬರುತ್ತದೆ. ಬದಲಿಗೆ ಬೇಲಿ ಹಾಕದೆ, ಉಳದೆ, ಕಾಡುಪ್ರಾಣಿಗೆ ಜಾಗ ಬಿಡುತ್ತಾರೆ. ಪ್ರವಾಸಿಯ ದುಡ್ಡು ನೇರವಾಗಿ ನೆಲದವರ ಕೈಗೆ ಹೋಗುವ ಇಂಥ ಏರ್ಪಾಡನ್ನು ನಾನು ಮನಸಾರೆ ಒಪ್ಪುತ್ತೇನೆ.

ನಿಮ್ಮ ಅನುಕೂಲಕ್ಕೂ ಅದು ಒಳ್ಳೆಯದು. ಕನ್ಸರ್ವೆನ್ಸಿಯಲ್ಲಿ ಅಲ್ಲಿನ ಕ್ಯಾಂಪ್‌ಗಳಲ್ಲಿ ಉಳಿದವರಿಗೆ ಮಾತ್ರ ಪ್ರವೇಶ. ಒಂದು ಸಿಂಹದ ಸುತ್ತ ನಾಲ್ಕೈದು ಗಾಡಿ ಮೀರುವುದಿಲ್ಲ. ರಾತ್ರಿ ಸಫಾರಿಗೂ ಬಿಡುತ್ತಾರೆ, ರಿಸರ್ವ್ ಒಳಗೆ ಅದಿಲ್ಲ. ಆದರೆ ನದಿ ಇರುವುದು ರಿಸರ್ವ್‌ನಲ್ಲಿ. ಹಾಗಾಗಿ ಮೊದಲ ಎರಡು ರಾತ್ರಿ ಮಾರಾ ಟ್ರಯಾಂಗಲ್ ಅಥವಾ ನದಿಗೆ ಹತ್ತಿರದ ಕ್ಯಾಂಪ್, ಕೊನೆಯ ಎರಡು ರಾತ್ರಿ ಕನ್ಸರ್ವೆನ್ಸಿ. ಮೊದಲು ಗದ್ದಲ, ಆಮೇಲೆ ಶಾಂತಿ. ಈ ಕ್ರಮ ಹಿಂದುಮುಂದು ಮಾಡಬೇಡಿ.

ಗದ್ದಲದ ಬಗ್ಗೆ ಒಂದು ಮಾತು. ಮಾರಾದ ಚೀತಾಗಳ ಮೇಲೆ 2018ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಪ್ರವಾಸಿಗಳು ಕಡಿಮೆ ಇರುವ ಕಡೆ ಒಂದು ತಾಯಿ ಚೀತಾ ಸರಾಸರಿ 2.3 ಮರಿಗಳನ್ನು ಬೆಳೆಸಿ ದೊಡ್ಡದು ಮಾಡುತ್ತಿತ್ತು. ಪ್ರವಾಸಿಗಳು ತುಂಬಾ ಇರುವ ಕಡೆ 0.2. ಅಂದರೆ ಐದು ತಾಯಂದಿರಿಗೆ ಒಂದು ಮರಿ. ಚೀತಾ ಹಗಲಲ್ಲೇ ಬೇಟೆಯಾಡುತ್ತದೆ. ಸುತ್ತ ಗಾಡಿಗಳು ನಿಂತರೆ ಬೇಟೆ ತಪ್ಪುತ್ತದೆ, ಬೇಟೆ ಸಿಕ್ಕರೂ ಗಾಡಿಗಳ ಗುಂಪು ನೋಡಿ ಕತ್ತೆಕಿರುಬ ಬಂದು ಕಿತ್ತುಕೊಳ್ಳುತ್ತದೆ. ನಮ್ಮ ದೇಶದಲ್ಲಿ ಅಳಿದುಹೋದ ಪ್ರಾಣಿ ಇದು. 2022ರಲ್ಲಿ ನಮೀಬಿಯಾದಿಂದ ಎಂಟು ಚೀತಾ ತಂದು ಮಧ್ಯಪ್ರದೇಶದ ಕುನೊದಲ್ಲಿ ಬಿಟ್ಟಾಗ ದೇಶವೇ ಕಾದು ನೋಡಿತು. ಅಂಥ ಪ್ರಾಣಿಯ ಮರಿ ನಮ್ಮ ಫೋಟೊದ ಆಸೆಯಿಂದ ಸಾಯಬಾರದು. ದಯವಿಟ್ಟು ಮೊದಲ ದಿನವೇ ಗೈಡ್‌ಗೆ ಹೇಳಿಬಿಡಿ: "ಗಾಡಿಗಳು ಜಾಸ್ತಿ ಇದ್ದರೆ ನಾವು ಮುಂದೆ ಹೋಗೋಣ. ತೀರಾ ಹತ್ತಿರ ಹೋಗುವುದು ಬೇಡ." ಹೆಚ್ಚಿನ ಗೈಡ್‌ಗಳು ನಿಯಮ ಮುರಿಯುವುದು ಪ್ರವಾಸಿಗಳ ಒತ್ತಾಯಕ್ಕೆ, ಅವರು ಕೊಡುವ ಟಿಪ್ಸ್ ಆಸೆಗೆ. ನೀವು ಬೇಡ ಅಂದರೆ ಅವರಿಗೇ ನೆಮ್ಮದಿ. ನದಿ ದಡದಲ್ಲೂ ಇಷ್ಟೇ. ಗಾಡಿ ದಾರಿಗೆ ಅಡ್ಡ ನಿಂತರೆ ಹಿಂಡು ಹೆದರಿ ತಿರುಗುತ್ತದೆ, ಇಲ್ಲವೇ ಇನ್ನೂ ಕಡಿದಾದ ಜಾಗದಲ್ಲಿ ಧುಮುಕಿ ಸಾಯುತ್ತದೆ.

ಗೈಡ್ ಯಾರು ಅನ್ನುವುದು ಕ್ಯಾಂಪ್‌ನ ಹಾಸಿಗೆಗಿಂತ ಮುಖ್ಯ. ಕೀನ್ಯಾದಲ್ಲಿ ಸಫಾರಿ ಗೈಡ್‌ಗಳಿಗೆ ಪರೀಕ್ಷೆ ಇದೆ, ಬ್ರಾಂಜ್, ಸಿಲ್ವರ್, ಗೋಲ್ಡ್ ಅಂತ ಮೂರು ಹಂತ. ಸಿಲ್ವರ್ ಗೈಡ್ ಬೇಕು ಅಂತ ಬುಕ್ ಮಾಡುವಾಗಲೇ ಕೇಳಿ. ಒಳ್ಳೆಯ ಗೈಡ್ ಬೇರೆ ಗಾಡಿಯವರು ರೇಡಿಯೊದಲ್ಲಿ ಹೇಳಿದ ಕಡೆಗೆಲ್ಲ ಓಡುವುದಿಲ್ಲ. ಹುತ್ತದ ಮೇಲೆ ನಿಂತ 'ಟೋಪಿ' ಅನ್ನುವ ಜಾತಿಯ ಜಿಂಕೆ ಒಂದೇ ದಿಕ್ಕಿಗೆ ದಿಟ್ಟಿಸುತ್ತಿದ್ದರೆ ಆ ದಿಕ್ಕಿಗೆ ಗಾಡಿ ತಿರುಗಿಸುತ್ತಾನೆ. ಮೇಯುತ್ತಿದ್ದ ಜಿರಾಫೆಗಳು ತಲೆ ಎತ್ತಿ ನಿಂತರೆ, ರಣಹದ್ದುಗಳು ಸುತ್ತುವುದು ಬಿಟ್ಟು ಇಳಿಯತೊಡಗಿದರೆ, ಅಲ್ಲೇನೋ ಇದೆ. ನಮ್ಮ ಕಾಡಿನಲ್ಲಿ ಜಿಂಕೆಯ ಕೂಗು, ಲಂಗೂರ್ ಕೂಗು ಕೇಳಿ ಹುಲಿ ಹುಡುಕಿದ ಅಭ್ಯಾಸ ನಿಮಗಿದೆ. ಅಲ್ಲಿ ಕಿವಿಗಿಂತ ಕಣ್ಣಿಗೆ ಕೆಲಸ ಜಾಸ್ತಿ. ಎರಡನೇ ದಿನದ ಹೊತ್ತಿಗೆ ಗೈಡ್‌ಗಿಂತ ಮೊದಲೇ ಮಗ ಗುರುತಿಸತೊಡಗುತ್ತಾನೆ.

ಸಿಂಹದ ಬಗ್ಗೆ ಒಂದು ಸಲಹೆ. ದಿನದಲ್ಲಿ ಹದಿನೆಂಟು ಇಪ್ಪತ್ತು ಗಂಟೆ ಅದು ಮಲಗಿಯೇ ಇರುತ್ತದೆ. ಮಧ್ಯಾಹ್ನ ಕಂಡ ಮಲಗಿದ ಸಿಂಹವನ್ನು ನಾಲ್ಕು ಫೋಟೊ ತೆಗೆದು ಬಿಟ್ಟುಬಿಡಿ. ಸಂಜೆ ಐದಕ್ಕೆ ಅದೇ ಗುಂಪಿನ ಹತ್ತಿರ ವಾಪಸ್ ಬನ್ನಿ. ಮರಿಗಳು ಎದ್ದು ಆಡುತ್ತವೆ, ತಾಯಂದಿರು ಆಕಳಿಸಿ ಎದ್ದು ಒಬ್ಬರ ಮುಖ ಒಬ್ಬರು ನೆಕ್ಕುತ್ತಾರೆ, ಆಮೇಲೆ ಸಾಲಾಗಿ ಹೊರಡುತ್ತಾರೆ. ಐದು ಪಾರ್ಕ್ ಸುತ್ತುವವರಿಗೆ ಈ ಒಂದು ಗಂಟೆ ಸಿಗುವುದೇ ಇಲ್ಲ.

ಸಿಂಹ, ಚಿರತೆ, ಆನೆ, ಕಾಡೆಮ್ಮೆ, ಘೇಂಡಾಮೃಗ ಈ ಐದನ್ನು ಬಿಗ್ ಫೈವ್ ಅನ್ನುತ್ತಾರೆ. ಕಾಲ್ನಡಿಗೆಯಲ್ಲಿ ಬೇಟೆಯಾಡಲು ಕಷ್ಟವಾದ ಪ್ರಾಣಿಗಳು ಅಂತ ಬಂದೂಕಿನವರು ಮಾಡಿದ ಪಟ್ಟಿ ಅದು. ಅದನ್ನು ಹಿಡಿದು ಟಿಕ್ ಹಾಕುತ್ತಾ ಹೋಗಬೇಡಿ. ಚೀತಾ, ಜಿರಾಫೆ, ಕತ್ತೆಕಿರುಬ ಯಾವುದೂ ಅದರಲ್ಲಿಲ್ಲ. ಕತ್ತೆಕಿರುಬದ ಗವಿಯ ಮುಂದೆ ಬೆಳಿಗ್ಗೆ ಮರಿಗಳು ಆಡುವುದು ನೋಡಿದರೆ ಆ ಪ್ರಾಣಿಯ ಬಗ್ಗೆ ಇದ್ದ ಅಸಹ್ಯ ಹೋಗಿಬಿಡುತ್ತದೆ.

ಖರ್ಚಿನ ಮಾತಿಗೆ ಬರೋಣ. 2024ರಿಂದ ಮಾರಾ ರಿಸರ್ವ್ ಶುಲ್ಕ ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200 ಡಾಲರ್. 9ರಿಂದ 17 ವರ್ಷದವರಿಗೆ 50. ಅಂದರೆ ನಿಮ್ಮ ನಾಲ್ವರಿಗೆ ದಿನಕ್ಕೆ 650 ಡಾಲರ್ ಬರೀ ಪ್ರವೇಶಕ್ಕೇ. ಟಿಕೆಟ್ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಮಾತ್ರ. ರಿಸರ್ವ್ ಒಳಗೆ ಉಳಿದವರು ಹೊರಡುವ ದಿನ ಬೆಳಿಗ್ಗೆ 10ರೊಳಗೆ ಗೇಟು ದಾಟಬೇಕು, ಇಲ್ಲದಿದ್ದರೆ ಇನ್ನೊಂದು ದಿನದ ಶುಲ್ಕ. ಹಾಗಾಗಿ ಏಜೆಂಟ್ ಹತ್ತಿರ "ಎಷ್ಟು ದಿನದ ಪಾರ್ಕ್ ಶುಲ್ಕ ಸೇರಿದೆ?" ಅಂತ ಬರೆಸಿಕೊಳ್ಳಿ. ಅಗ್ಗದ ಪ್ಯಾಕೇಜ್‌ಗಳು ಕೈಕೊಡುವುದು ಇಲ್ಲೇ. ಕನ್ಸರ್ವೆನ್ಸಿ ಶುಲ್ಕ ಬೇರೆ, ಹೆಚ್ಚಾಗಿ ಕ್ಯಾಂಪ್ ಬಾಡಿಗೆಯಲ್ಲೇ ಸೇರಿರುತ್ತದೆ, ಆದರೂ ಕೇಳಿ. ದರ ಆಗಾಗ ಬದಲಾಗುತ್ತದೆ, ದುಡ್ಡು ಕಟ್ಟುವ ಮೊದಲು ಆ ವರ್ಷದ ದರ ನೋಡಿಕೊಳ್ಳಿ. ಕೀನ್ಯಾದ ಟೂರ್ ಆಪರೇಟರ್‌ಗಳ ಸಂಘ ಕಾಟೊ, ಅದರ ಸದಸ್ಯರ ಪಟ್ಟಿಯಲ್ಲಿ ನಿಮ್ಮ ಏಜೆಂಟ್‌ನ ಅಲ್ಲಿನ ಪಾಲುದಾರರು ಇದ್ದಾರಾ ಅಂತಲೂ ನೋಡಿ.

ಉಳಿತಾಯ ಬೇಕಾದರೆ ಕೋಣೆಯ ಐಷಾರಾಮದಲ್ಲಿ ಮಾಡಿ, ಗಾಡಿಯಲ್ಲಿ ಮಾಡಬೇಡಿ. ಮಿನಿವ್ಯಾನ್ ಅಗ್ಗ, ಆದರೆ ತಾಯಿಯವರ ಬೆನ್ನಿಗೆ, ಮಂಡಿಗೆ ಅದು ಕಷ್ಟ. ಮೇಲ್ಛಾವಣಿ ತೆರೆಯುವ ಲ್ಯಾಂಡ್ ಕ್ರೂಸರ್ ಇರಲಿ, ನಿಮ್ಮ ಕುಟುಂಬಕ್ಕೆ ಮಾತ್ರ ಇರಲಿ. ಬೇರೆಯವರ ಜೊತೆ ಹಂಚಿಕೊಂಡರೆ "ಇಲ್ಲೇ ಇನ್ನೊಂದು ಗಂಟೆ ಇರೋಣ" ಅಂತ ಹೇಳಲು ಆಗುವುದಿಲ್ಲ. ಗಾಡಿ ಎತ್ತರ, ಹತ್ತಲು ಒಂದು ಸಣ್ಣ ಸ್ಟೂಲ್ ಇಡಿ ಅಂತ ಮೊದಲೇ ಹೇಳಿ. ತಾಯಿಯವರನ್ನು ಮಧ್ಯದ ಸಾಲಿನಲ್ಲಿ ಕೂರಿಸಿ, ಹಿಂದಿನ ಸಾಲಿನಲ್ಲಿ ಎತ್ತಾಟ ಜಾಸ್ತಿ. ದಿನಾ ಎರಡೂ ಹೊತ್ತು ಅವರು ಬರಲೇಬೇಕು ಅಂತಿಲ್ಲ. ಒಂದು ಸಂಜೆ ಕ್ಯಾಂಪ್‌ನಲ್ಲೇ ಕೂತರೂ ಮುಂದಿನ ಬಯಲಿಗೆ ಪ್ರಾಣಿಗಳು ಬಂದೇ ಬರುತ್ತವೆ. ಬೇಲಿ ಇಲ್ಲದ ಕ್ಯಾಂಪ್ ಆದರೆ ರಾತ್ರಿ ಡೇರೆಯಿಂದ ಊಟದ ಜಾಗಕ್ಕೆ ಕಾವಲಿನವರ ಜೊತೆಯೇ ನಡೆಯಬೇಕು. ಈ ನಿಯಮವನ್ನು ಮಗ ಚಾಚೂ ತಪ್ಪದೆ ಪಾಲಿಸಬೇಕು. ಡೇರೆಯೊಳಗೆ ತಿಂಡಿ ಇಡಬೇಡಿ, ಕೋತಿಗಳು ಜಿಪ್ ತೆಗೆಯುತ್ತವೆ.

ಊಟದ ಚಿಂತೆ ಬೇಡ. ಕೀನ್ಯಾದಲ್ಲಿ ತಲೆಮಾರುಗಳಿಂದ ಗುಜರಾತಿಗಳು ಇದ್ದಾರೆ, ಚಪಾತಿ ಅಲ್ಲಿನವರ ದಿನದ ಊಟವೇ ಆಗಿಹೋಗಿದೆ. ಹುರುಳಿಕಾಯಿ, ಕಾಳಿನ ಪಲ್ಯ, ಸೊಪ್ಪು, ಮೆಕ್ಕೆಜೋಳದ ಹಿಟ್ಟಿನ ಉಗಾಲಿ ಎಲ್ಲ ಸಿಗುತ್ತವೆ. ಉಗಾಲಿ ನಮ್ಮ ಮುದ್ದೆಯ ಹತ್ತಿರದ ನೆಂಟ, ತಾಯಿಯವರಿಗೆ ಇಷ್ಟವಾಗಬಹುದು. ಮೊಟ್ಟೆಯೂ ಬೇಡ, ಮಾಂಸ ಬೇಯಿಸಿದ ಪಾತ್ರೆಯೂ ಬೇಡ ಅನ್ನುವುದಾದರೆ ಎರಡು ವಾರ ಮುಂಚೆ ಕ್ಯಾಂಪ್‌ಗೆ ಬರೆದು ತಿಳಿಸಿ.

ಚಕ್ಕುಲಿ, ಕೋಡುಬಳೆ ತಗೊಂಡು ಹೋಗಿ, ಆದರೆ ಪ್ಲಾಸ್ಟಿಕ್ ಕವರ್‌ನಲ್ಲಿ ಬೇಡ. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ, ದಂಡ ದೊಡ್ಡದು. 2020ರಿಂದ ಕಾಡುಗಳಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಬಾಟಲಿಯೂ ಇಲ್ಲ. ಸ್ಟೀಲ್ ಡಬ್ಬಿ, ಸ್ಟೀಲ್ ಬಾಟಲಿ, ಬಟ್ಟೆ ಚೀಲ ಸಾಕು.

ಆಫ್ರಿಕಾ ಅಂದರೆ ಬಿಸಿಲು ಅಂತ ಸುಮ್ನೆ ತೆಳು ಬಟ್ಟೆ ತುಂಬಿಕೊಂಡು ಹೋಗಬೇಡಿ. ಮಾರಾ ಇರುವುದು ಸುಮಾರು 1,500 ಮೀಟರ್‌ಗಿಂತ ಎತ್ತರದಲ್ಲಿ. ಬೆಳಿಗ್ಗೆ ಆರಕ್ಕೆ ಮೇಲ್ಛಾವಣಿ ತೆರೆದ ಗಾಡಿಯಲ್ಲಿ ಗಾಳಿಗೆ ನಡುಕ ಬರುತ್ತದೆ. ಸ್ವೆಟರ್, ಟೋಪಿ, ತಾಯಿಯವರಿಗೆ ಶಾಲು ಇರಲಿ. ಸೈನಿಕರ ಚಿತ್ತಾರದ ಬಟ್ಟೆ ಬೇಡ, ಕೀನ್ಯಾದಲ್ಲಿ ನಾಗರಿಕರು ಅದನ್ನು ಹಾಕುವಂತಿಲ್ಲ. ಡ್ರೋನ್ ಮನೆಯಲ್ಲೇ ಇರಲಿ. ಚಿಕ್ಕ ವಿಮಾನದಲ್ಲಿ ತಲೆಗೆ 15 ಕೆಜಿ ಮಾತ್ರ, ಅದೂ ಮೆತ್ತನೆಯ ಬ್ಯಾಗ್‌ನಲ್ಲಿ. ಗಟ್ಟಿ ಸೂಟ್‌ಕೇಸ್ ಹಿಡಿಸುವುದಿಲ್ಲ. ಬೈನಾಕ್ಯುಲರ್ ಒಂದನ್ನೇ ನಾಲ್ವರು ಹಂಚಿಕೊಳ್ಳಬೇಡಿ. ಮಗನಿಗೆ ಒಂದು, ದೊಡ್ಡವರಿಗೆ ಒಂದು, ಕನಿಷ್ಠ ಎರಡಿರಲಿ. 8x42 ಅಳತೆಯದು ಸಾಕು.

ಇನ್ನು ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ. ಕೀನ್ಯಾದಿಂದ ಭಾರತಕ್ಕೆ ಬರುವವರ ಹತ್ತಿರ ಹಳದಿ ಜ್ವರದ ಲಸಿಕೆಯ ಕಾರ್ಡ್ ಇರಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದಲೇ ಕ್ವಾರಂಟೈನ್‌ಗೆ ಕಳಿಸಬಹುದು, ಆರು ದಿನದವರೆಗೆ. ಲಸಿಕೆ ಹಾಕಿಸಿದ 10 ದಿನದ ಮೇಲೆ ಕಾರ್ಡ್ ಚಾಲ್ತಿಗೆ ಬರುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಎಲ್ಲ ಆಸ್ಪತ್ರೆಯಲ್ಲೂ ಇದು ಸಿಗುವುದಿಲ್ಲ, ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ. ಬೆಂಗಳೂರಿಗೆ ಹೋಗಬೇಕಾಗಬಹುದು, ಮುಂಚೆಯೇ ದಿನ ಗೊತ್ತು ಮಾಡಿಕೊಳ್ಳಿ.

ಇಲ್ಲಿ ತಾಯಿಯವರ ವಿಷಯ ಬಹಳ ಮುಖ್ಯ. 60 ದಾಟಿದವರಿಗೆ ಮೊದಲ ಸಲ ಈ ಲಸಿಕೆ ಹಾಕಿದಾಗ ಗಂಭೀರ ಅಡ್ಡಪರಿಣಾಮದ ಸಾಧ್ಯತೆ, ಅಪರೂಪವಾದರೂ, ಚಿಕ್ಕವರಿಗಿಂತ ಜಾಸ್ತಿ. ಮೊಟ್ಟೆಯ ಅಲರ್ಜಿ ಇದ್ದವರಿಗೆ, ರೋಗನಿರೋಧಕ ಶಕ್ತಿ ಕಡಿಮೆ ಮಾಡುವ ಔಷಧಿ ತಗೊಳ್ಳುವವರಿಗೆ ತೊಂದರೆ ಆಗಬಹುದು. ಮಂಡಿ ನೋವಿಗೆ ಅವರು ಸ್ಟೆರಾಯ್ಡ್ ತಗೊಳ್ಳುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಆದ್ದರಿಂದ ಟಿಕೆಟ್ ಬುಕ್ ಮಾಡುವ ಮೊದಲೇ ಅವರ ವೈದ್ಯರನ್ನು ಕಾಣಿ. ಅವರು ಬೇಡ ಅಂದರೆ ಇಡೀ ಯೋಜನೆಯನ್ನೇ ಮತ್ತೆ ಯೋಚಿಸಬೇಕಾಗುತ್ತದೆ, ಮುಂಗಡ ಕಟ್ಟಿದ ಮೇಲೆ ಗೊತ್ತಾಗುವುದು ಬೇಡ. ಮಾರಾದಲ್ಲಿ ಮಲೇರಿಯಾ ಇದೆ. ತಡೆಯುವ ಮಾತ್ರೆ ಯಾವುದು, ಯಾವಾಗಿಂದ ಅಂತ ಅದೇ ಭೇಟಿಯಲ್ಲಿ ನಾಲ್ವರಿಗೂ ಕೇಳಿಕೊಳ್ಳಿ.

ಕೀನ್ಯಾಕ್ಕೆ 2024ರ ಜನವರಿಯಿಂದ ವೀಸಾ ಬದಲು ಇ-ಟಿಎ, ಅಂದರೆ ಹೊರಡುವ ಮೊದಲೇ ಪಡೆಯುವ ಪ್ರವೇಶ ಅನುಮತಿ ಇದೆ. ಆನ್‌ಲೈನ್‌ನಲ್ಲಿ ಸರ್ಕಾರಿ ಜಾಲತಾಣದಲ್ಲೇ ಅರ್ಜಿ ಹಾಕಿ, ಶುಲ್ಕ ತಲೆಗೆ ಸುಮಾರು 30 ಡಾಲರ್, ಮಗನಿಗೂ ಬೇರೆ ಅರ್ಜಿ ಬೇಕು. ಪ್ರಯಾಣ ವಿಮೆ ತಗೊಳ್ಳುವಾಗ ಕಾಡಿನಿಂದ ನೈರೋಬಿ ಆಸ್ಪತ್ರೆಗೆ ವಿಮಾನದಲ್ಲಿ ಸಾಗಿಸುವ ಖರ್ಚು ಸೇರಿದೆಯಾ ಅಂತ ಓದಿ ನೋಡಿ. ಆಮ್ರೆಫ್ ಫ್ಲೈಯಿಂಗ್ ಡಾಕ್ಟರ್ಸ್ ಸಂಸ್ಥೆ ಈ ಸೇವೆ ಕೊಡುತ್ತದೆ, ಹಲವು ಕ್ಯಾಂಪ್‌ಗಳು ಅತಿಥಿಗಳಿಗೆ ಅದರ ರಕ್ಷಣೆಯನ್ನು ಬಾಡಿಗೆಯಲ್ಲೇ ಸೇರಿಸಿರುತ್ತವೆ. ತಾಯಿಯವರ ಮಾತ್ರೆಗಳನ್ನು ವೈದ್ಯರ ಚೀಟಿಯ ಜೊತೆ ಕೈಚೀಲದಲ್ಲೇ ಇಟ್ಟುಕೊಳ್ಳಿ, ನಾಲ್ಕು ದಿನಕ್ಕೆ ಹೆಚ್ಚುವರಿ ಇರಲಿ. ಆಗಸ್ಟ್ ಆಗಲಿ, ದಸರಾ ಆಗಲಿ, ನದಿಗೆ ಹತ್ತಿರದ ಕ್ಯಾಂಪ್‌ಗಳು ಎಂಟು ಹತ್ತು ತಿಂಗಳು ಮೊದಲೇ ತುಂಬುತ್ತವೆ. ವೈದ್ಯರು ಸರಿ ಅಂದ ದಿನವೇ ಮೊದಲು ಕ್ಯಾಂಪ್ ಹಿಡಿಯಿರಿ, ಆಮೇಲೆ ವಿಮಾನ.